ಅಡಿಕೆ ಮನೆಗೆ ಬಂದ ಮೆಕ್ಕೆಜೋಳದ ವಿಸ್ಕಿ

ದೀಪಾವಳಿಗೋ ಚೌತಿಗೋ ಅಮೆರಿಕದಿಂದ ಬರುವ ಮಗನ ಸೂಟ್‌ಕೇಸಿನಲ್ಲಿ ಚಾಕಲೇಟು, ಬಾದಾಮಿಯ ಜೊತೆ ಈಗ ಒಂದು ಬಾಟಲಿಯೂ ಇರುತ್ತದೆ. ವಿದೇಶದಿಂದ ಬರುವ ಪ್ರಯಾಣಿಕ 2 ಲೀಟರ್‌ವರೆಗೆ ಮದ್ಯವನ್ನು ಸುಂಕ ಕಟ್ಟದೆ ತರಬಹುದೆಂದು ಕಸ್ಟಮ್ಸ್ ನಿಯಮವೇ ಇದೆ. ಹಾಗೆ ಬಂದದ್ದು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಮನೆಗಳಲ್ಲಿ ಬೀರು ಸೇರುತ್ತದೆ. ಜಮೀನಿನ ಪಹಣಿ, ಅಡಿಕೆ ಸಹಕಾರ ಸಂಘ ಮ್ಯಾಮ್ಕೋಸ್‌ನ ಲೆಕ್ಕದ ಚೀಟಿಗಳ ಹಿಂದೆ, ಅಜ್ಜಿಯ ಕಣ್ಣಿಗೆ ಬೀಳದ ಮೂಲೆಯಲ್ಲಿ. ಮೊದಲೆಲ್ಲ ಬರುತ್ತಿದ್ದದ್ದು ಸ್ಕಾಚ್. ಈಗೀಗ ಬರ್ಬನ್ ಬರತೊಡಗಿದೆ. ನಮ್ಮಲ್ಲಿ ಬಹಳ ಜನಕ್ಕೆ ಬೋರ್ಬನ್ ಎಂದರೆ ಚಹಾಕ್ಕೆ ಅದ್ದಿ ತಿನ್ನುವ ಬಿಸ್ಕತ್ತು, ಆ ಮಾತು ಬೇರೆ.

ನೆಂಟರಿಷ್ಟರು ಸೇರಿದ ರಾತ್ರಿ ಬಾಟಲಿ ಹೊರಗೆ ಬಂದಾಗ ಮೊದಲ ಪ್ರಶ್ನೆ, ‘ಎಂತ ಮಾರಾಯ, ಇದ್ಕೆ ಸೋಡ ಹಾಕ್ಬೋದಾ?’ ಎರಡನೆಯದು, ‘ಎಷ್ಟು ಬಿತ್ತು?’ ಇದರೊಳಗೆ ಇರುವುದೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅಡಿಕೆ ಕೊಳ್ಳುವವ ರಾಶಿಯೋ ಬೆಟ್ಟೆಯೋ ಸರಕೋ ಎಂದು ಕೈಯಲ್ಲಿ ಹಿಡಿದು, ಕಚ್ಚಿ ನೋಡಿ ಮಾತಾಡುವ ಊರು ನಮ್ಮದು. ಗ್ಲಾಸಿನ ವಿಷಯಕ್ಕೆ ಬಂದಾಗ ಆ ಜಾಣತನವೆಲ್ಲ ಎಲ್ಲಿ ಹೋಗುತ್ತದೋ ತಿಳಿಯದು. ಕುಡಿಯದವರು ಕುಡಿಯದೆ ಇರುವುದೇ ಸರಿ, ಅವರು ಈ ಅಂಕಣವನ್ನು ಇಲ್ಲಿಗೇ ಬಿಟ್ಟರೂ ನಷ್ಟವಿಲ್ಲ. ಹೇಗೂ ಕುಡಿಯುವವರು ಏನು ಕುಡಿಯುತ್ತಿದ್ದೇವೆ, ಎಷ್ಟು ಕುಡಿಯುತ್ತಿದ್ದೇವೆ ಎಂದು ತಿಳಿದಿರಲಿ ಎನ್ನುವುದಷ್ಟೇ ನನ್ನ ತಕರಾರು.

ಬರ್ಬನ್ ಎಂದರೆ ಮೆಕ್ಕೆಜೋಳದ ವಿಸ್ಕಿ. ಅಮೆರಿಕದ ಕಾನೂನು ಅದಕ್ಕೆ ಬಹಳ ಬಿಗಿಯಾದ ಚೌಕಟ್ಟು ಹಾಕಿದೆ. ಅಮೆರಿಕದಲ್ಲೇ ತಯಾರಾಗಬೇಕು. ಹುಳಿ ಹಾಕುವ ಧಾನ್ಯದಲ್ಲಿ ಕಡಿಮೆ ಎಂದರೂ ಶೇ 51ರಷ್ಟು ಮೆಕ್ಕೆಜೋಳ ಇರಬೇಕು. ಉಳಿದದ್ದು ರೈ, ಗೋಧಿ, ಮೊಳಕೆ ಬಾರ್ಲಿ. ಭಟ್ಟಿ ಇಳಿಸುವಾಗ ಮದ್ಯಸಾರ ಶೇ 80 ದಾಟಬಾರದು. ಪೀಪಾಯಿಗೆ ತುಂಬುವಾಗ ಶೇ 62.5ಕ್ಕಿಂತ ಹೆಚ್ಚಿರಬಾರದು. ಪೀಪಾಯಿ ಹೊಚ್ಚ ಹೊಸ ಓಕ್ ಮರದ್ದಾಗಿರಬೇಕು, ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಇದ್ದಿಲು ಮಾಡಿರಬೇಕು. ಬಾಟಲಿಗೆ ಇಳಿಯುವಾಗ ಶೇ 40ಕ್ಕಿಂತ ಕಡಿಮೆ ಇರಬಾರದು. ಬಣ್ಣ, ಎಸೆನ್ಸು ಏನೂ ಸೇರಿಸುವಂತಿಲ್ಲ. 1964ರಲ್ಲಿ ಅಮೆರಿಕದ ಸಂಸತ್ತು ಇದು ತಮ್ಮ ದೇಶದ ವಿಶಿಷ್ಟ ಉತ್ಪನ್ನವೆಂದು ನಿರ್ಣಯವನ್ನೇ ಮಾಡಿತು. ಲೇಬಲ್ ಮೇಲೆ ‘ಸ್ಟ್ರೇಟ್’ ಎಂದಿದ್ದರೆ ಕನಿಷ್ಠ 2 ವರ್ಷ ಪೀಪಾಯಿಯಲ್ಲಿತ್ತು ಎಂದರ್ಥ. ‘ಬಾಟಲ್ಡ್ ಇನ್ ಬಾಂಡ್’ ಎಂದಿದ್ದರೆ 1897ರ ಕಾಯ್ದೆಯ ಪ್ರಕಾರ ಒಂದೇ ಡಿಸ್ಟಿಲರಿಯ, ಒಂದೇ ಹಂಗಾಮಿನ, 4 ವರ್ಷ ಕಳೆದ, ಶೇ 50ರಷ್ಟು ಮದ್ಯಸಾರದ ಮಾಲು. ಜ್ಯಾಕ್ ಡೇನಿಯಲ್ಸ್ ತಂದವರು ಅದನ್ನೂ ಬರ್ಬನ್ ಎಂದೇ ಹೇಳುತ್ತಾರೆ. ಅದರ ತಯಾರಕರು ಮಾತ್ರ ಅದನ್ನು ಟೆನೆಸಿ ವಿಸ್ಕಿ ಎಂದು ಕರೆದುಕೊಳ್ಳುತ್ತಾರೆ. ಪೀಪಾಯಿಗೆ ಹೋಗುವ ಮೊದಲು ಮೇಪಲ್ ಮರದ ಇದ್ದಿಲಿನಲ್ಲಿ ಸೋಸುವುದು ಅವರ ಪದ್ಧತಿ.

ಈ ಮೆಕ್ಕೆಜೋಳ ನಮಗೆ ಅಪರಿಚಿತವೇನಲ್ಲ. ಘಟ್ಟದ ಅಂಚು ಬಿಟ್ಟು ಶಿಕಾರಿಪುರ, ಸೊರಬದ ಬಯಲಿಗೆ ಬಂದರೆ, ಅಲ್ಲಿಂದ ಹಾವೇರಿ, ದಾವಣಗೆರೆಯವರೆಗೂ ಅದೇ. ನಮ್ಮಲ್ಲಿ ಅದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ, ಈಚೆಗೆ ಪೆಟ್ರೋಲಿಗೆ ಬೆರೆಸುವ ಎಥೆನಾಲಿಗೆ ಹೋಗುತ್ತದೆ. ಕೆಂಟಕಿಯಲ್ಲಿ ಅದೇ ಕಾಳು ಪೀಪಾಯಿ ಸೇರಿ ನಾಲ್ಕಾರು ವರ್ಷ ಕೂತು ಡಾಲರು ತರುತ್ತದೆ.

ಪೀಪಾಯಿಯೊಳಗೆ ನಡೆಯುವುದು ಸ್ವಾರಸ್ಯದ ಸಂಗತಿ. ಭಟ್ಟಿಯಿಂದ ಇಳಿದ ಮದ್ಯಕ್ಕೆ ಬಣ್ಣವೇ ಇಲ್ಲ, ನೀರಿನಂತಿರುತ್ತದೆ. ಓಕ್ ಮರವನ್ನು ಸುಡುವಾಗ ಅದರೊಳಗಿನ ಲಿಗ್ನಿನ್ ಒಡೆದು ವೆನಿಲಾ ಪರಿಮಳದ ವೆನಿಲಿನ್ ಹುಟ್ಟುತ್ತದೆ. ಮರದ ಸಕ್ಕರೆ ಅಂಶ ಕಂದಿ ಸುಟ್ಟ ಬೆಲ್ಲದ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಮದ್ಯ ಹಿಗ್ಗಿ ಮರದೊಳಗೆ ಇಳಿಯುತ್ತದೆ, ಚಳಿಯಲ್ಲಿ ಕುಗ್ಗಿ ಹೊರಗೆ ಬರುತ್ತದೆ. ಹೀಗೆ ಹೋಗಿ ಬಂದು ಬಣ್ಣ, ರುಚಿ ಎಲ್ಲ ಮರದಿಂದಲೇ ಸಂಪಾದನೆ. ಹೊಸ ಪೀಪಾಯಿ ಆದ್ದರಿಂದ ಬರ್ಬನ್ ಸಿಹಿಯಾಗಿ, ದಪ್ಪವಾಗಿ ನಾಲಿಗೆಗೆ ತಾಗುತ್ತದೆ. ಕಾನೂನಿನ ಪ್ರಕಾರ ಆ ಪೀಪಾಯಿಯನ್ನು ಬರ್ಬನ್‌ಗೆ ಮತ್ತೆ ಬಳಸುವಂತಿಲ್ಲ. ಹಾಗಾಗಿ ಅವು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ. ಕೆಲವು ಬೆಂಗಳೂರಿಗೂ ಬರುತ್ತವೆ.

ಬೆಂಗಳೂರಿಗೆ ಯಾಕೆ ಎಂದರೆ ಅಮೃತ್. ಜೆ.ಎನ್. ರಾಧಾಕೃಷ್ಣ ಜಗದಾಳೆ 1948ರಲ್ಲಿ ಶುರು ಮಾಡಿದ ಅಮೃತ್ ಡಿಸ್ಟಿಲರೀಸ್ ಬಹುಕಾಲ ರಮ್, ಬ್ರಾಂದಿ ಮಾಡಿಕೊಂಡಿತ್ತು. ಅವರ ಮಗ ನೀಲಕಂಠ ಜಗದಾಳೆ ಬಾರ್ಲಿಯ ಸಿಂಗಲ್ ಮಾಲ್ಟ್ ಮಾಡಿ 2004ರ ಆಗಸ್ಟ್‌ನಲ್ಲಿ ನೇರವಾಗಿ ಸ್ಕಾಟ್ಲೆಂಡಿನ ಗ್ಲಾಸ್ಗೋಕ್ಕೇ ತೆಗೆದುಕೊಂಡು ಹೋಗಿ ಬಿಡುಗಡೆ ಮಾಡಿದರು. ಮೀನುಗಾರರ ಊರಿಗೆ ಮೀನು ಮಾರಲು ಹೋದ ಹಾಗೆ. 2010ರ ತಮ್ಮ ವಿಸ್ಕಿ ಕೈಪಿಡಿಯಲ್ಲಿ ಜಿಮ್ ಮರ್ರೆ ಎಂಬ ಇಂಗ್ಲಿಷ್ ವಿಮರ್ಶಕ ಅಮೃತ್ ಫ್ಯೂಷನ್‌ಗೆ ಜಗತ್ತಿನ ಮೂರನೆಯ ಸ್ಥಾನ ಕೊಟ್ಟ ಮೇಲೆ ನಮ್ಮವರೂ ಹುಡುಕಿಕೊಂಡು ಹೋದರು.

ಪೀಪಾಯಿಯಿಂದ ಪ್ರತಿ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತದೆ. ದೇವತೆಗಳ ಪಾಲು ಎಂದು ಅದಕ್ಕೆ ಹೆಸರು. ಸ್ಕಾಟ್ಲೆಂಡಿನಲ್ಲಿ ದೇವತೆಗಳು ವರ್ಷಕ್ಕೆ ಶೇ 2ರಲ್ಲಿ ತೃಪ್ತರು. ಬೆಂಗಳೂರಿನಲ್ಲಿ ಶೇ 10ರಿಂದ 12 ಕೇಳುತ್ತಾರೆ. ಹಾಗಾದರೆ 4 ವರ್ಷಕ್ಕೆ ಮೂರನೇ ಒಂದಕ್ಕಿಂತ ಹೆಚ್ಚು ಖಾಲಿ, 8 ವರ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ಬಿಸಿಲಿಗೆ ಮಾಗುವುದೂ ಬೇಗ, ಹೋಗುವುದೂ ಬೇಗ. ಲೇಬಲ್ ಮೇಲೆ 12 ವರ್ಷ, 18 ವರ್ಷ ಎಂದಿದ್ದರೆ ಮಾತ್ರ ಒಳ್ಳೆಯದು ಎನ್ನುವ ಸ್ಕಾಚ್ ಲೆಕ್ಕವನ್ನು ನಮ್ಮ ವಿಸ್ಕಿಗೂ ಬರ್ಬನ್‌ಗೂ ಹಚ್ಚಬಾರದು ಎನ್ನುವುದು ಇದಕ್ಕೇ. ಇನ್ನೊಂದು ಮಾತು. ಹವೆಯಲ್ಲಿ ತೇವ ಹೆಚ್ಚಿದ್ದರೆ ಪೀಪಾಯಿಯಿಂದ ನೀರಿಗಿಂತ ಮದ್ಯಸಾರವೇ ಹೆಚ್ಚು ಹೋಗುತ್ತದೆ, ಒಣ ಹವೆಯಲ್ಲಿ ನೀರು ಹೆಚ್ಚು ಹೋಗುತ್ತದೆ. ಆಗುಂಬೆಯಲ್ಲಿ ಯಾರಾದರೂ ಉಗ್ರಾಣ ಕಟ್ಟಿದರೆ ವಿಸ್ಕಿ ವರ್ಷವರ್ಷಕ್ಕೂ ಸಪ್ಪೆಯಾಗುತ್ತ ಹೋದೀತು. ಅಂಥ ಯೋಜನೆ ಸದ್ಯಕ್ಕೆ ಯಾರಿಗೂ ಇಲ್ಲ ಎಂದುಕೊಂಡಿದ್ದೇನೆ.

ಇನ್ನು ಪೇಟೆಯ ವೈನ್ ಶಾಪಿನಲ್ಲಿ, ಎಂಎಸ್‌ಐಎಲ್ ಮಳಿಗೆಯಲ್ಲಿ ಸಿಗುವ ದಿನಬಳಕೆಯ ಕ್ವಾರ್ಟರ್ ಏನು? ಅಗ್ಗದ ವಿಸ್ಕಿಗಳಲ್ಲಿ ಬಹುಪಾಲು ಕಬ್ಬಿನ ಕಾಕಂಬಿಯಿಂದಲೋ ಧಾನ್ಯದಿಂದಲೋ ಇಳಿಸಿ, ವಾಸನೆ ರುಚಿ ಎಲ್ಲ ತೆಗೆದ ಶುದ್ಧ ಮದ್ಯಸಾರ. ಅದಕ್ಕೆ ಒಂದಿಷ್ಟು ಮಾಲ್ಟ್, ಸುಟ್ಟ ಸಕ್ಕರೆಯ ಬಣ್ಣ, ಪರಿಮಳ ಸೇರುತ್ತದೆ. ಕಾಕಂಬಿಯಿಂದ ಮಾಡಿದ್ದನ್ನು ಯುರೋಪಿನಲ್ಲಿ ವಿಸ್ಕಿ ಎಂದು ಮಾರುವಂತಿಲ್ಲ. ಅವರ ಲೆಕ್ಕದಲ್ಲಿ ಅದು ರಮ್ಮಿನ ಜಾತಿ. ಇದನ್ನು ಹೀಗಳೆಯಲು ಹೇಳುತ್ತಿಲ್ಲ. ಕಾಕಂಬಿಯದ್ದೇ ಆದ ಡಾರ್ಕ್ ರಮ್ ತನ್ನ ಹೆಸರಿನಲ್ಲೇ ಮರ್ಯಾದೆಯಿಂದ ನಿಂತಿದೆ. 1954ರಿಂದ ಇರುವ ಓಲ್ಡ್ ಮಾಂಕ್‌ಗೆ ಮಲೆನಾಡಿನ ಮಳೆಗಾಲದಲ್ಲಿ ಇರುವ ನಿಷ್ಠಾವಂತರನ್ನು ಬರ್ಬನ್ ಅಲುಗಾಡಿಸಲಾರದು.

ಬರ್ಬನ್ ಬೆಲೆಯ ಮಾತು ಒಂದೇ ಸಾಲಿನಲ್ಲಿ: 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿತು, ಅದರ ಮೇಲೆ ರಾಜ್ಯದ ತೆರಿಗೆ ಇದ್ದೇ ಇದೆ, ಹಾಗಾಗಿ ಸೂಟ್‌ಕೇಸಿನ ದಾರಿಯೇ ಇನ್ನೂ ಅಗ್ಗ.

ಲೇಬಲ್ಲಿನ ಅಂಕಿಯಲ್ಲಿ ಒಂದು ಗೊಂದಲವಿದೆ, ಅದನ್ನು ಬಿಡಿಸದೆ ಮುಂದೆ ಹೋಗುವಂತಿಲ್ಲ. ಮೇಕರ್ಸ್ ಮಾರ್ಕ್ ಬಾಟಲಿ ಮೇಲೆ 90 ಪ್ರೂಫ್ ಎಂದಿರುತ್ತದೆ. ನಮ್ಮ ಹಳೆಯ ಲೇಬಲ್‌ಗಳಲ್ಲಿ 75 ಡಿಗ್ರಿ ಪ್ರೂಫ್ ಎಂದಿರುತ್ತಿತ್ತು. ಅಮೆರಿಕದ್ದು ಭಾರೀ ಖಡಕ್ ಎಂದು ಹೆದರುವವರಿದ್ದಾರೆ. ಅಮೆರಿಕದ ಪ್ರೂಫ್ ಎಂದರೆ ಶೇಕಡಾವಾರಿನ ಎರಡರಷ್ಟು. 90 ಎಂದರೆ ಶೇ 45. ನಮ್ಮದು ಬ್ರಿಟಿಷರ ಕಾಲದ ಅಳತೆ. ಮದ್ಯದಲ್ಲಿ ನೆನೆಸಿದ ಕೋವಿಮದ್ದು ಆಗಲೂ ಹೊತ್ತಿಕೊಂಡರೆ ಅದು ಗಟ್ಟಿ ಮಾಲು ಎನ್ನುವ ಹಳೆಯ ಪರೀಕ್ಷೆಯಿಂದ ಬಂದದ್ದು. ಅಲ್ಲಿ 100 ಎಂದರೆ ಶೇ 57.1. ಅದರ ಮುಕ್ಕಾಲು ಪಾಲು 42.8. ಇವತ್ತಿಗೂ ನಮ್ಮ ವಿಸ್ಕಿ, ರಮ್, ಬ್ರಾಂದಿ ಬಾಟಲಿಗಳ ಮೇಲೆ 42.8 ಎಂಬ ವಿಚಿತ್ರ ಅಂಕಿ ಇರುವುದಕ್ಕೆ ಕಾರಣ ಇದು. ಅವರ 45ಕ್ಕೂ ನಮ್ಮ 42.8ಕ್ಕೂ ಹೆಚ್ಚು ಅಂತರವಿಲ್ಲ.

ಈ 42.8ರಿಂದ ಒಂದು ಲೆಕ್ಕ ಮಾಡಿ ನೋಡಿ. 30 ಮಿಲಿಲೀಟರಿನ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಕ್ವಾರ್ಟರ್ ಎಂದರೆ 180 ಮಿಲಿ, ಅಂದರೆ 60 ಗ್ರಾಂ. ಶೇ 5ರ 650 ಮಿಲಿ ಬಿಯರು 25 ಗ್ರಾಂ ದಾಟುತ್ತದೆ. ಅದೇ ಬಿಯರು ಸ್ಟ್ರಾಂಗ್ ಆಗಿ ಶೇ 8 ಇದ್ದರೆ 40 ಗ್ರಾಂ, ಅಂದರೆ ನಾಲ್ಕು ಸಣ್ಣ ಪೆಗ್ಗು. ‘ನಾನು ಬಿಯರ್ ಮಾತ್ರ’ ಎನ್ನುವ ಭಾವಂದಿರು ಇದನ್ನು ಗಮನಿಸಬೇಕು. ಲಿವರು ಒಂದು ಸಣ್ಣ ಪೆಗ್ಗನ್ನು ಕರಗಿಸಲು ಒಂದು ಗಂಟೆಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ಮಜ್ಜಿಗೆ, ಲಿಂಬೆಹಣ್ಣು, ತಣ್ಣೀರು ಸ್ನಾನ ಯಾವುದಕ್ಕೂ ಆ ವೇಗ ಹೆಚ್ಚುವುದಿಲ್ಲ.

ನಮ್ಮ ಸೀಮೆಗೆ ಕುಡಿತ ಹೊಸತಲ್ಲ. ಹೊಸತಾಗಿರುವುದು ಈ ಗಟ್ಟಿತನ. ಬಗನಿ ಮರ ಕಟ್ಟಿ ಕಳ್ಳು ಇಳಿಸುವ ಕಸುಬು ಇಲ್ಲಿನ ದೀವರ ಮನೆಗಳಲ್ಲಿ ತಲೆಮಾರುಗಟ್ಟಲೆ ಇತ್ತು. ತೀರ್ಥಹಳ್ಳಿ ಕಡೆಯ ಒಕ್ಕಲು ಮನೆಗಳಲ್ಲಿ ಕಳ್ಳು ಗದ್ದೆ ಕೆಲಸದ, ಹಬ್ಬದ, ಬೇಟೆಯ ಒಂದು ಭಾಗವೇ ಆಗಿತ್ತು. ಕುವೆಂಪು ಕಾದಂಬರಿ ಓದಿದವರಿಗೆ ಆ ಕಳ್ಳಂಗಡಿಗಳ ಪರಿಚಯ ಉಂಟು. ಮರದಿಂದ ಇಳಿದ ಸಿಹಿ ರಸ ಗಾಳಿಯಲ್ಲಿನ, ಮಡಕೆಯಲ್ಲಿನ ಯೀಸ್ಟ್ ತಾಗಿ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಮದ್ಯಸಾರ ಶೇ 4ರಿಂದ 6ರ ಹತ್ತಿರ ಬರುತ್ತದೆ. ಇನ್ನೂ ಇಟ್ಟರೆ ಬೇರೆ ಬ್ಯಾಕ್ಟೀರಿಯಾ ಸೇರಿ ವಿನೆಗರ್ ಆಗುತ್ತದೆ. ಅಂದರೆ ಬೆಳಗಿನ ಕಳ್ಳನ್ನು ನಾಳಿದ್ದಿಗೆ ಇಟ್ಟುಕೊಳ್ಳುವಂತಿಲ್ಲ. ಒಂದು ಲೀಟರ್ ಕುಡಿದರೂ ನಾಲ್ಕು ಸಣ್ಣ ಪೆಗ್ಗಿನಷ್ಟೇ. ಅಷ್ಟು ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ. ಕಳ್ಳು ಕುಡಿದು ಹಾಳಾದವರೇ ಇರಲಿಲ್ಲ ಎಂದಲ್ಲ. ಆದರೆ ಆ ಪಾನೀಯದೊಳಗೇ ಒಂದು ಲಗಾಮು ಇತ್ತು. ಸಾರಾಯಿ ಆ ಲಗಾಮು ಕಿತ್ತಿತು. ಕೊಟ್ಟೆ ಸಾರಾಯಿಯ ಕಾಲ ಕಂಡವರಿಗೆ ಅದನ್ನು ವಿವರಿಸಬೇಕಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿಯುವವರು ನಿಲ್ಲಲಿಲ್ಲ, ಕ್ವಾರ್ಟರಿಗೆ ಬಂದರು. ಬಗನಿ ಮರದ ಕಳ್ಳು ಮಾತ್ರ ಘಟ್ಟದ ಮೇಲೆ ಕಾನೂನಿನ ಲೆಕ್ಕದಲ್ಲಿ ಇಲ್ಲವಾಯಿತು. ಕಳ್ಳಂಗಡಿಯ ಬೋರ್ಡು ನೋಡಬೇಕೆಂದರೆ ಈಗ ಆಗುಂಬೆ ಘಾಟಿ ಇಳಿಯಬೇಕು.

ಬಾಟಲಿಯ ಮದ್ಯ ಹುಳಿಯುವುದಿಲ್ಲ, ಹೊಟ್ಟೆ ತುಂಬಿಸುವುದಿಲ್ಲ, ವರ್ಷಗಟ್ಟಲೆ ಕಾಯುತ್ತದೆ. ಲಗಾಮನ್ನು ಕುಡಿಯುವವನೇ ತರಬೇಕು. ಮನೆಯಲ್ಲಿ ಅದಕ್ಕೆ ಒಂದು ಅನುಕೂಲವಿದೆ. ನಮ್ಮದು ಒಂಟಿ ಮನೆಗಳ ನಾಡು. ಪೇಟೆಯ ಬಾರಿನಲ್ಲಿ ನಿಂತು ನೈಂಟಿ ಹಾಕಿ, ರಾತ್ರಿ ಮಳೆಯಲ್ಲಿ ಕಾಡಿನ ತಿರುವುಗಳ ದಾರಿಯಲ್ಲಿ ಬೈಕು ಓಡಿಸಿಕೊಂಡು ಬರುವವರೆಷ್ಟು! 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪರಾಧ. ಖಾಲಿ ಹೊಟ್ಟೆಯಲ್ಲಿ 60 ಮಿಲಿ ಕುಡಿದ 65 ಕಿಲೋ ತೂಕದ ಗಂಡಸಿನಲ್ಲಿ ಅದು 40ರ ಆಸುಪಾಸಿಗೆ ಹೋಗುತ್ತದೆ. ನೈಂಟಿಯ ಕತೆ ಬೇರೆ ಹೇಳಬೇಕೆ? ಮನೆಯಲ್ಲಿ ಕುಡಿಯುವವನಿಗೆ ಈ ದಾರಿಯ ಭಯವಿಲ್ಲ, ಅಂಗಡಿ ಮುಚ್ಚುವ ಮುಂಚೆ ಮುಗಿಸುವ ಅವಸರವಿಲ್ಲ.

ಅನನುಕೂಲವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಜಗಲಿಯಲ್ಲಿ ನಾಲ್ಕು ಗಂಡಸರು ಕೂತು ಬರ್ಬನ್ನಿನ ಪರಿಮಳ ವರ್ಣಿಸುತ್ತಿರುವಾಗ ಒಳಗೆ ರಾತ್ರಿ ಹನ್ನೊಂದರವರೆಗೆ ಹಲಸಿನ ಹಪ್ಪಳ ಕರಿಯುತ್ತ, ಕೋಳಿ ಹುರಿಯುತ್ತ ನಿಂತಿರುವವರು ಯಾರು? ಮನೆಯಲ್ಲಿ ಕುಡಿಯುವ ಸಂಸ್ಕೃತಿ ಎಂದು ದೊಡ್ಡ ಮಾತಾಡುವ ಮೊದಲು ಸೈಡ್ಸ್ ತಾನೇ ಮಾಡಿಕೊಂಡು, ಪಾತ್ರೆ ತಾನೇ ತೊಳೆದಿಡುವ ಅಭ್ಯಾಸ ಬರಲಿ. ಬಾಟಲಿಯನ್ನು ಬಚ್ಚಿಡಬೇಕಾದ ಮನೆಯಲ್ಲಿ ನಿಧಾನವಾಗಿ ಕುಡಿಯುವುದೂ ಸಾಧ್ಯವಿಲ್ಲ. ಕದ್ದು ಕುಡಿಯುವವನು ಗುಟುಕರಿಸಿ ಮುಗಿಸುತ್ತಾನೆ. ಒಬ್ಬನೇ ಕೂತು ದಿನವೂ ಕುಡಿಯತೊಡಗಿದರೆ ಅದು ರುಚಿಯ ವಿಷಯವಾಗಿ ಉಳಿದಿಲ್ಲ ಎಂದು ತಿಳಿಯಬೇಕು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುವುದು ಸುಮ್ಮನೆ ಅಲ್ಲ. ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ಗುಂಪಿಗೆ ಮದ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಸೇರಿಸಿದೆ. ‘ಹಾರ್ಟಿಗೆ ಒಳ್ಳೇದು’ ಎಂದು ಹೇಳಿಕೊಂಡು ಕುಡಿಯಬೇಡಿ, ಇಷ್ಟ ಎಂದು ಹೇಳಿಕೊಂಡು ಕಡಿಮೆ ಕುಡಿಯಿರಿ.

ಮನೆಯಲ್ಲೇ ಭಟ್ಟಿ ಇಳಿಸುವ ಉಮೇದು ಕೆಲವರಿಗೆ ಬರುವುದುಂಟು; ಗೇರುಹಣ್ಣು ಕೊಳೆತು ಹೋಗುತ್ತಿದೆ, ಆಲೆಮನೆಯ ಬೆಲ್ಲ ಇದೆ ಎಂದು. ಅದು ಅಪರಾಧ. ಹೊರಗಿನ ಕಳ್ಳಭಟ್ಟಿಯಂತೂ ಜೀವಕ್ಕೇ ಸಂಚಕಾರ. ಬೆಂಗಳೂರಿನಲ್ಲಿ 1981ರಲ್ಲಿ 300ಕ್ಕೂ ಹೆಚ್ಚು ಜನ, 2008ರಲ್ಲಿ ಕರ್ನಾಟಕ, ತಮಿಳುನಾಡಿನ ಗಡಿ ಸೀಮೆಯಲ್ಲಿ ನೂರಕ್ಕೂ ಹೆಚ್ಚು ಜನ ಕಳ್ಳಭಟ್ಟಿಗೆ ಸತ್ತರು. ಇಂಥ ದುರಂತಗಳಲ್ಲಿ ಕೊಲ್ಲುವುದು ಅಗ್ಗಕ್ಕೆಂದು ಬೆರೆಸಿದ ಕೈಗಾರಿಕಾ ಮೆಥನಾಲ್. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರ ಸುಡುತ್ತದೆ.

ಈಗ ಆ ಸೋಡದ ಪ್ರಶ್ನೆ. ಮೊದಲ ಗುಟುಕಿಗೆ ಏನೂ ಬೇಡ. ಬಾಯಿ ಕಿರಿದಾದ ಸಣ್ಣ ಗಾಜಿನ ಲೋಟಕ್ಕೆ 30 ಮಿಲಿ ಸುರಿದು ಐದು ನಿಮಿಷ ಬಿಡಿ. ಸ್ಟೀಲ್ ಲೋಟ ಕಾಫಿಗೆ ಇರಲಿ. ಮೂಗನ್ನು ಲೋಟದೊಳಗೆ ತುರುಕಬೇಡಿ, ಮದ್ಯಸಾರ ಚುಚ್ಚಿ ವಾಸನೆಯೇ ತಿಳಿಯದು. ಬಾಯಿ ತುಸು ತೆರೆದುಕೊಂಡು ಅಂಚಿನಲ್ಲಿ ಮೂಸಿ. ಆಮೇಲೆ ಅರ್ಧ ಚಮಚ ನೀರು. ನೀರು ಹಾಕಿದರೆ ರುಚಿ ಕೆಡುತ್ತದೆ ಎನ್ನುವುದು ಬಾರಿನ ಗಂಡಸುತನ. ನೀರು ಬೆರೆತಾಗ ಗ್ವಾಯಕಾಲ್‌ನಂಥ ಪರಿಮಳದ ಕಣಗಳು ದ್ರವದ ಮೇಲ್ಮೈಗೆ ಬರುತ್ತವೆ ಎಂದು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ನಮ್ಮ ಜಂಬಿಟ್ಟಿಗೆ ಬಾವಿಗಳ ಮೆದು ನೀರು, ಕುದಿಸಿ ಆರಿಸಿದ್ದು, ಇದಕ್ಕೆ ಬಹಳ ಚೆನ್ನ. ಕ್ಲೋರಿನ್ ವಾಸನೆಯ ನಲ್ಲಿ ನೀರು ಬೇಡ. ಐಸು ಪರಿಮಳವನ್ನು ಅಡಗಿಸುತ್ತದೆ. ಆಷಾಢದಲ್ಲಿ ಕರೆಂಟೇ ಇಲ್ಲದ ಊರಿನಲ್ಲಿ ಐಸಿನ ಚಿಂತೆ ಹೇಗೂ ಇಲ್ಲ. ಸೋಡ ಹಾಕಬಹುದು, ಯಾರೂ ಕೇಸು ಹಾಕುವುದಿಲ್ಲ. ಕೋಲಾ ಹಾಕುವುದಾದರೆ ಮಾತ್ರ ಆ ದುಬಾರಿ ಬಾಟಲಿ ಮುಚ್ಚಿಟ್ಟು ಕ್ವಾರ್ಟರ್ ತರಿಸಿ.

ಬ್ರಾಂದಿ ಮೈ ಬೆಚ್ಚಗಿಡುತ್ತದೆ ಎಂದು ಶೀತಕ್ಕೆ, ಬಾಣಂತಿಗೆ ಕೊಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸುವುದರಿಂದ ಬಿಸಿ ಎನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಎದೆಹಾಲಿಗೂ ಸೇರುತ್ತದೆ. ಬಾಣಂತಿಗೆ ಮೆಣಸಿನ ಸಾರೇ ಸರಿ.

ಬಾಟಲಿ ಇಡುವ ಕ್ರಮವೂ ಒಂದಿಷ್ಟು ಇದೆ. ವೈನಿನಂತೆ ಮಲಗಿಸಬಾರದು, ಗಟ್ಟಿ ಮದ್ಯ ಬೆಂಡಿನ ಬಿರಟೆಯನ್ನು ತಿನ್ನುತ್ತದೆ. ನಿಲ್ಲಿಸಿ, ಕತ್ತಲಲ್ಲಿ ಇಡಬೇಕು. ಹೆಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಅಲ್ಲಿ ಬೇಡ. ಜೂನ್ ಬಂತೆಂದರೆ ರಟ್ಟಿನ ಡಬ್ಬಿಗೆ, ಲೇಬಲ್ಲಿಗೆ ಬೂಷ್ಟು ಹಿಡಿಯುತ್ತದೆ. ಒಳಗಿನ ಮದ್ಯಕ್ಕೆ ಅದರಿಂದ ತೊಂದರೆ ಇಲ್ಲ, ಒಣಬಟ್ಟೆಯಲ್ಲಿ ಒರೆಸಿದರಾಯಿತು. ತೆರೆಯದ ಬಾಟಲಿ ದಶಕ ಕಳೆದರೂ ಹಾಗೇ ಇರುತ್ತದೆ. ಗಾಜಿನೊಳಗೆ ಅದಕ್ಕೆ ವಯಸ್ಸಾಗುವುದಿಲ್ಲ, ಹಾಗಾಗಿ ಮೊಮ್ಮಗನ ಮದುವೆಗೆಂದು ಇಟ್ಟರೂ ಉತ್ತಮವಾಗುವುದಿಲ್ಲ. ತೆರೆದ ಮೇಲೆ ಒಳಗೆ ಗಾಳಿ ಹೆಚ್ಚಿದಷ್ಟೂ ಪರಿಮಳ ಇಳಿಯುತ್ತದೆ. ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬಂದದ್ದನ್ನು ಚಿಕ್ಕ ಬಾಟಲಿಗೆ ವರ್ಗಾಯಿಸಿ.

ಅಮೆರಿಕದವರು ಬರ್ಬನ್‌ಗೆ ಸಕ್ಕರೆ, ಕಹಿ ಹನಿ ಹಾಕಿ ಓಲ್ಡ್ ಫ್ಯಾಷನ್ಡ್ ಎಂದು ಮಾಡುತ್ತಾರೆ. ಆ ಕಹಿ ಹನಿಯ ಶೀಶೆ ಸಾಗರ ಪೇಟೆಯಲ್ಲಿ ಕೇಳಿದರೆ ಮೆಡಿಕಲ್ ಸ್ಟೋರ್ ತೋರಿಸಿಯಾರು. ಬೇಡ ಬಿಡಿ. 45 ಮಿಲಿ ಬರ್ಬನ್, ಹೊಸ ಆಲೆಮನೆಯ ಜೋನಿ ಬೆಲ್ಲ ಕಾಲು ಚಮಚ, ಎರಡು ಚಮಚ ನೀರು. ಬೆಲ್ಲ ಪೂರ್ತಿ ಕದಡುವವರೆಗೆ ತಿರುವಬೇಕು. ಹೇರಳೆಕಾಯಿಯ ಹಸಿರು ಸಿಪ್ಪೆಯನ್ನು ಬಿಳಿ ಬಾರದಂತೆ ತೆಳ್ಳಗೆ ಕೆತ್ತಿ, ಲೋಟದ ಮೇಲೆ ಹಿಡಿದು ಹಿಂಡಿದರೆ ಅದರ ಎಣ್ಣೆ ಸಿಡಿಯುತ್ತದೆ, ಬೇಕಾದ ಕಹಿ ಅದರಲ್ಲೇ ಇದೆ. ಸುಟ್ಟ ಓಕ್ ಮರದ ವಾಸನೆಗೆ ಜೋನಿಯ ಹೊಗೆವಾಸನೆ ಒಗ್ಗುವಷ್ಟು ಸಕ್ಕರೆ ಒಗ್ಗುವುದಿಲ್ಲ ಎನ್ನುವುದು ನನ್ನ ಪಕ್ಷಪಾತ. ಜೋನಿ ಒಂದು ಚಮಚ ದಾಟಿದರೆ ಪಾನಕವಾಗುತ್ತದೆ. ಪಾನಕದಂತೆ ಗಟಗಟ ಇಳಿದೂ ಹೋಗುತ್ತದೆ, ಅಷ್ಟರಲ್ಲಿ ಒಂದೂವರೆ ಪೆಗ್ಗಿನ ಲೆಕ್ಕ ತಪ್ಪಿರುತ್ತದೆ.